ವಿಷಕ್ಕಿಂತ ಮೊದಲು ಸಂದಿ ಮುಚ್ಚಿ: ಪಶ್ಚಿಮ ಬೆಂಗಳೂರಿನ ಮನೆಗಳಿಗೆ ಹಂತ ಹಂತದ ಕೈಪಿಡಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಬೀದಿ ಮೋರಿಗಳಲ್ಲಿ ಬಹುಪಾಲು ಒಂದರೊಳಗೊಂದು ಕೂಡಿ ರಾಜಕಾಲುವೆಯಾಗುತ್ತವೆ. ರಾಜಕಾಲುವೆಗಳು ವೃಷಭಾವತಿಯನ್ನು ಸೇರುತ್ತವೆ. ವೃಷಭಾವತಿ ನಾಯಂಡಹಳ್ಳಿ ದಾಟಿ, ಮೈಸೂರು ರಸ್ತೆಯ ಮಗ್ಗುಲಲ್ಲೇ ಕೆಂಗೇರಿಯ ಕಡೆಗೆ ಹರಿದು, ಮುಂದೆ ಬೈರಮಂಗಲ ಕೆರೆಗೆ ಬೀಳುತ್ತದೆ. ಮಳೆನೀರಿಗೆಂದು ಕಟ್ಟಿದ ಈ ಕಾಲುವೆಗಳಲ್ಲಿ ವರ್ಷವಿಡೀ ಕೊಳಚೆ ಹರಿಯುವುದರಿಂದ ಹೆಗ್ಗಣಕ್ಕೆ ಇಲ್ಲಿ ಬರಗಾಲವೆಂಬುದೇ ಇಲ್ಲ. ಹೆಗ್ಗಣದ ಜಾಡು ಹಿಡಿದು ಹಾವು ಬರುತ್ತದೆ. ಚೇಂಬರಿನ ಕತ್ತಲಲ್ಲಿ ದೊಡ್ಡ ಜಿರಳೆ ಸಂಸಾರ ಹೂಡುತ್ತದೆ. ನಿಮ್ಮ ಬಚ್ಚಲಿನ ಜಾಲರಿಯ ಕೆಳಗಿನಿಂದಲೇ ಈ ದಾರಿ ಶುರುವಾಗುತ್ತದೆ.

ಇನ್ನೊಂದು ಕಡೆ ಕೆಂಗೇರಿ, ಉಲ್ಲಾಳ, ನಾಗರಬಾವಿ. ಇಲ್ಲಿನವರಿಗೆ ಜ್ಞಾನಭಾರತಿಯ ಮರಗಾಡು, ತುರಹಳ್ಳಿ ಕಾಡು ಮತ್ತು ಕೆರೆಗಳ ಅಂಚು ನೆರೆಹೊರೆ. ಕೋತಿ, ನವಿಲು, ಪುನುಗು ಬೆಕ್ಕು, ಕೊಳಕುಮಂಡಲ ಎಲ್ಲವೂ ಆ ನೆರೆಯವೇ. ರಾಜಾಜಿನಗರದ ಗೃಹಿಣಿಯ ಚಿಂತೆ ಒಂದು, ಕೆಂಗೇರಿ ಉಪನಗರದ ಕೊನೆಯ ಅಡ್ಡರಸ್ತೆಯವರ ಚಿಂತೆ ಇನ್ನೊಂದು. ಆದರೂ ಪರಿಹಾರದ ಕ್ರಮ ಇಬ್ಬರಿಗೂ ಒಂದೇ. ಯಾವ ಜೀವಿಯೂ ನಮ್ಮ ಮೇಲಿನ ದ್ವೇಷದಿಂದ ಮನೆಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಅನ್ನ, ನೀರು, ಅವಿತುಕೊಳ್ಳಲು ಒಂದು ಜಾಗ, ಒಳಬರಲು ಒಂದು ಸಂದಿ. ಇವನ್ನು ಹಾಗೆಯೇ ಬಿಟ್ಟು ವಿಷವಿಟ್ಟರೆ ಸತ್ತ ಇಲಿಯ ಜಾಗಕ್ಕೆ ಮುಂದಿನ ವಾರ ಇನ್ನೊಂದು ಬರುತ್ತದೆ. ಹಾಗಾಗಿ ಮೊದಲು ಗುರುತು ಹಿಡಿಯಿರಿ, ಆಮೇಲೆ ಅನ್ನ-ನೀರು ತಪ್ಪಿಸಿ, ಸಂದಿ ಮುಚ್ಚಿ. ಬೋನು, ಮದ್ದು ಎಲ್ಲ ಅದಾದ ಮೇಲಿನ ಮಾತು.

ಒಂದನೇ ಹಂತ: ಬಂದದ್ದು ಯಾವುದೆಂದು ಗುರುತಿಸಿ

ಒಂದು ಟಾರ್ಚು ಬೇಕು. ರಾತ್ರಿ ಊಟವಾಗಿ, ಅಡುಗೆಮನೆಯ ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು ಸದ್ದಿಲ್ಲದೆ ಒಳಗೆ ಹೋಗಿ. ಸಿಂಕಿನ ಕೆಳಗೆ, ಸಿಲಿಂಡರ್ ಹಿಂದೆ, ಫ್ರಿಜ್ಜಿನ ಮೋಟಾರಿನ ಬಳಿ, ಅಟ್ಟದ ಮೂಲೆಯಲ್ಲಿ ಬೆಳಕು ಬಿಡಿ. ಓಡಿದ್ದನ್ನೂ ನೋಡಿ, ಅದು ಯಾವ ದಿಕ್ಕಿಗೆ ಓಡಿತೆಂಬುದನ್ನೂ ನೋಡಿ. ನಿಮಗೆ ಹೆಚ್ಚು ಬೇಕಾದದ್ದು ಆ ದಿಕ್ಕು.

ಇಲಿಯ ಜಾತಿಯನ್ನು ಹಿಕ್ಕೆಯೇ ಹೇಳುತ್ತದೆ. ಅಕ್ಕಿ ನುಚ್ಚಿನಷ್ಟು ಸಣ್ಣದಾಗಿದ್ದರೆ ಚಿಕ್ಕ ಇಲಿ. ಸುಮಾರು ಒಂದು ಸೆಂಟಿಮೀಟರಿಗೆ ಮೀರಿ, ಎರಡೂ ತುದಿ ಚೂಪಾಗಿದ್ದರೆ ತಾರಸಿ, ಕೇಬಲ್, ಮರದ ಕೊಂಬೆ ಹಿಡಿದು ಓಡಾಡುವ ಮನೆ ಇಲಿ. ಅದಕ್ಕಿಂತ ದಪ್ಪಗಿದ್ದು, ಕಾಂಪೌಂಡಿನ ಬುಡದಲ್ಲಿ ಬಿಲ, ಬಿಲದ ಬಾಯಲ್ಲಿ ತೋಡಿದ ಹಸಿಮಣ್ಣಿನ ಗುಡ್ಡೆ ಕಂಡರೆ ಹೆಗ್ಗಣ. ಮನೆ ಇಲಿಯನ್ನು ಮೇಲೆ ಹುಡುಕಬೇಕು, ಹೆಗ್ಗಣವನ್ನು ಕೆಳಗೆ. ಇದು ಗೊತ್ತಿಲ್ಲದೆ ಅಟ್ಟದ ಇಲಿಗೆ ಹಿತ್ತಲಲ್ಲಿ ಬೋನಿಡುವವರು ಬಹಳ ಮಂದಿ.

ಗೋಡೆಯಂಚಿನಲ್ಲಿ ಚಿಕ್ ಚಿಕ್ ಎನ್ನುತ್ತಾ ಓಡುವ, ಉದ್ದ ಮೂತಿಯ, ಕಸ್ತೂರಿಯಂಥ ಗಾಟು ವಾಸನೆಯ ಪ್ರಾಣಿಯೊಂದಿದೆ. ಅದೇ ಸೊಂಡಿಲಿ. ಹೆಸರಿನಲ್ಲಿ ಇಲಿಯಿದ್ದರೂ ಅದು ಇಲಿಯ ಕುಲದ್ದಲ್ಲ. ಅದರ ಊಟ ಜಿರಳೆ, ಹುಳು-ಹುಪ್ಪಟೆ. ಅದನ್ನು ಕೊಲ್ಲಬೇಡಿ, ಬಾಗಿಲು ತೆರೆದು ಹೊರಗೆ ದಾಟಿಸಿದರೆ ಸಾಕು. ಹಲ್ಲಿಯ ವಿಷಯದಲ್ಲೂ ಇದೇ ಮಾತು. ಹಾಲಿಗೆ ಬಿದ್ದ ಹಲ್ಲಿಯ ಭಯ ನಮ್ಮ ಮನೆಗಳಲ್ಲಿ ದೊಡ್ಡದು. ನಮ್ಮ ಗೋಡೆಗಳ ಮೇಲಿನ ಹಲ್ಲಿಗೆ ವಿಷವಿಲ್ಲ. ಅದು ಬಿದ್ದ ಹಾಲನ್ನು ಚೆಲ್ಲಬೇಕಾದದ್ದು ಅದರ ಮೈಯಲ್ಲಿ, ಹಿಕ್ಕೆಯಲ್ಲಿ ಇರಬಹುದಾದ ರೋಗಾಣುಗಳ ಕಾರಣಕ್ಕೆ. ಪಾತ್ರೆಗೆ ಮುಚ್ಚಳ ಹಾಕಿ, ಹಲ್ಲಿಯನ್ನು ಅದರ ಪಾಡಿಗೆ ಬಿಡಿ.

ಎರಡನೇ ಹಂತ: ಅನ್ನ, ನೀರು ತಪ್ಪಿಸಿ

ಹಸಿ ಕಸದ ಬುಟ್ಟಿಗೆ ಬಿಗಿ ಮುಚ್ಚಳವಿರಲಿ. ಬೆಳಿಗ್ಗೆ ಬರುವ ಕಸದ ಆಟೋಗೆಂದು ರಾತ್ರಿಯೇ ಗೇಟಿಗೆ ಚೀಲ ತೂಗುಹಾಕುವ ರೂಢಿ ಬಿಡಲೇಬೇಕು. ನಾಯಿ ಆ ಚೀಲ ಹರಿಯುತ್ತದೆ, ಉಳಿದದ್ದು ಹೆಗ್ಗಣದ ಪಾಲು. ರಾಗಿ, ಅಕ್ಕಿ, ಬೇಳೆಯನ್ನು ಗೋಣಿಚೀಲದಲ್ಲಿ ಬಿಡದೆ ಡಬ್ಬಕ್ಕೆ ತುಂಬಿ. ತೆಳು ಪ್ಲಾಸ್ಟಿಕ್ಕನ್ನು ಇಲಿ ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ, ಸ್ಟೀಲ್ ಡಬ್ಬವಾದರೆ ನಿಶ್ಚಿಂತೆ. ನಾಯಿಗೆ, ಬೆಕ್ಕಿಗೆ ಹಾಕಿದ ಅನ್ನದ ತಟ್ಟೆಯನ್ನು ರಾತ್ರಿ ಒಳಗಿಡಿ. ಮಲಗುವ ಮುನ್ನ ಸಿಂಕ್ ಒಣಗಿಸಿ. ಜಿರಳೆ ಅನ್ನವಿಲ್ಲದೆ ವಾರಗಟ್ಟಲೆ ಬದುಕೀತು, ನೀರಿಲ್ಲದೆ ಬಹಳ ದಿನ ಬದುಕಲಾರದು.

ಎರಡು ಮನೆಗಳ ನಡುವಿನ ಕಿರುಸಂದನ್ನು ಮರೆಯಬೇಡಿ. ನಮ್ಮ ಕಡೆ ಮೂವತ್ತು-ನಲವತ್ತರ ಸೈಟುಗಳಲ್ಲಿ ಇಂಚಿಂಚೂ ಬಿಡದೆ ಕಟ್ಟಿದ ಮೇಲೆ ಉಳಿಯುವುದು ಒಬ್ಬರು ಅಡ್ಡಡ್ಡ ತೂರುವಷ್ಟು ಜಾಗ. ಅದು ತಮ್ಮದಲ್ಲವೆಂದು ಇಬ್ಬರೂ ಭಾವಿಸಿರುತ್ತಾರೆ. ಒಡೆದ ಹೆಂಚು, ಹಳೆ ಟಾಯ್ಲೆಟ್ ಸೀಟು, ಮುರಿದ ಬಕೆಟ್ಟು, ಮೇಲಿನ ಮಹಡಿಯಿಂದ ಬಿದ್ದ ಎಲ್ಲವೂ ಅಲ್ಲೇ ಇರುತ್ತವೆ. ಇಡೀ ಬೀದಿಯ ಇಲಿಗಳಿಗೆ ತವರು ಅದು. ಪಕ್ಕದ ಮನೆಯವರನ್ನು ಕರೆದು, ಒಂದು ಭಾನುವಾರ ಇಬ್ಬರೂ ಸೇರಿ ಅದನ್ನು ತೆರವು ಮಾಡಿ. ಕೈಗವಸು, ಮುಚ್ಚಿದ ಬೂಟು ಹಾಕಿಕೊಂಡೇ ಕೈಯಿಡಿ. ಚೇಳು, ಜರಿ, ಹಾವು ಯಾವುದೂ ಇರಬಹುದು.

ಮೂರನೇ ಹಂತ: ಸಂದಿ ಮುಚ್ಚಿ

ಈ ಕೈಪಿಡಿಯಲ್ಲಿ ಒಂದೇ ಹಂತ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ. ಖರ್ಚು ಕಡಿಮೆ, ಫಲ ವರ್ಷಗಟ್ಟಲೆ.

ಅಳತೆ ನೆನಪಿಡಿ: 6 ಮಿಲಿಮೀಟರ್ ಕಿಂಡಿಯಿದ್ದರೆ ಚಿಕ್ಕ ಇಲಿ ತೂರುತ್ತದೆ, 12 ಮಿಲಿಮೀಟರ್ ಇದ್ದರೆ ದೊಡ್ಡ ಇಲಿ. ಅಂದರೆ ಪೆನ್ಸಿಲ್ ಹೋಗುವ ತೂತು ಕೂಡ ಬಾಗಿಲೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚಿನ ಕಣ್ಣಿನ ಜಿಐ ಜಾಲರಿ, ಸ್ಟೀಲ್ ನಾರು, ಒಂದೆರಡು ಕಿಲೋ ಸಿಮೆಂಟು, ಬಾಗಿಲಡಿಗೆ ಹಾಕುವ ರಬ್ಬರ್ ಪಟ್ಟಿ ತನ್ನಿ. ಥರ್ಮಾಕೋಲ್, ಬಟ್ಟೆ, ಫೋಮ್ ತುಂಬಿ ಪ್ರಯೋಜನವಿಲ್ಲ. ಇಲಿ ಅವನ್ನು ಕಿತ್ತು ತನ್ನ ಗೂಡಿಗೇ ಹಾಸಿಕೊಳ್ಳುತ್ತದೆ.

ಹಗಲಲ್ಲಿ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಮುಂಬಾಗಿಲು, ಹಿತ್ತಿಲ ಬಾಗಿಲ ಕೆಳಗಿನಿಂದ ಬೆಳಕು ಕಂಡರೆ ಪಟ್ಟಿ ಹೊಡೆಯಿರಿ. ಹಾವಿನ ಮರಿಯೂ ಬರುವುದು ಇದೇ ದಾರಿಯಲ್ಲಿ. ಗ್ಯಾಸ್ ಪೈಪು, ಎಸಿ ಪೈಪು, ಇಂಟರ್ನೆಟ್ ಕೇಬಲ್ಲಿಗೆಂದು ಕೊರೆದ ತೂತುಗಳನ್ನು ನೋಡಿ. ಕೆಲಸದವರು ದೊಡ್ಡ ತೂತು ಕೊರೆದು, ಸಣ್ಣ ವೈರು ಎಳೆದು ಹೋಗಿರುತ್ತಾರೆ. ವೈರಿನ ಸುತ್ತ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿಗೂ, ಬಚ್ಚಲಿನ ಗಾಜಿನ ಪಟ್ಟಿ ಕಿಟಕಿಗೂ ಹೊರಗಿನಿಂದ ಜಾಲರಿ ಬೇಕು. ತಾರಸಿಯ ಮಳೆನೀರಿನ ಕೊಳವೆಯ ಕೆಳಬಾಯಿ ಮೋರಿಗೆ ತೆರೆದಿದ್ದರೆ ಇಲಿ ಅದರೊಳಗೇ ಏರಿ ತಾರಸಿ ತಲುಪುತ್ತದೆ. ಅಲ್ಲಿಗೆ ತೆಗೆದು ತೊಳೆಯಲು ಬರುವಂಥ ಜಾಲರಿ ಹಾಕಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಎಲೆ ಕಟ್ಟಿಕೊಂಡು ತಾರಸಿ ತುಂಬುತ್ತದೆ.

ಇನ್ನು ಬಚ್ಚಲು. ಹಳೆಯ ಮನೆಗಳಲ್ಲಿ ನೀರು ಹೋಗುವ ಬಾಯಿಗೆ ಬರೀ ತಟ್ಟೆಯಂಥ ಜಾಲರಿ ಇರುತ್ತದೆ, ಕೆಳಗೆ ನೇರ ಕೊಳವೆ. ಅಂಥಲ್ಲಿ ಪ್ಲಂಬರ್ ಕೈಲಿ ನಹಾನಿ ಟ್ರ್ಯಾಪ್ ಕೂರಿಸಿ. ಅದರ ಬಾಗಿನಲ್ಲಿ ಸದಾ ನಿಲ್ಲುವ ನೀರು ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ. ಅಪರೂಪಕ್ಕೆ ಬಳಸುವ ಬಚ್ಚಲಿನಲ್ಲಿ ಆ ನೀರು ಆರಿಹೋಗಿ ದಾರಿ ತೆರೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಅಲ್ಲಿ ಒಂದು ಚೊಂಬು ನೀರು ಹುಯ್ಯಿರಿ. ಮನೆ ಮುಂದಿನ ಚೇಂಬರಿನ ಮುಚ್ಚಳ ಒಡೆದಿದ್ದರೆ ಬದಲಿಸಿ. ಸಂಪಿನ ಮುಚ್ಚಳ ಅಲುಗಾಡುತ್ತಿದ್ದರೆ ಅದನ್ನೂ ಬಿಗಿ ಮಾಡಿಸಿ, ಅದು ಕುಡಿಯುವ ನೀರು.

ತಾರಸಿಗೆ ತಾಗುವ ಕೊಂಬೆಯೂ ಒಂದು ದಾರಿಯೇ. ನಿಮ್ಮ ಕಾಂಪೌಂಡಿನೊಳಗಿನ ಮರವಾದರೆ ತುದಿ ಸವರಿ. ಬೀದಿ ಮರವಾದರೆ ಪಾಲಿಕೆಯ ಅರಣ್ಯ ವಿಭಾಗವನ್ನು ಕೇಳಿ, ನೀವೇ ಕಡಿಯಬೇಡಿ.

ನಾಲ್ಕನೇ ಹಂತ: ಒಳಗುಳಿದ ಇಲಿ

ಸಂದಿ ಮುಚ್ಚಿದ ಮೇಲೆ ಒಳಗೆ ಸಿಕ್ಕಿಕೊಂಡ ಇಲಿಗೆ ಬೋನಿಡಿ. ಇಲಿ ಹೊಸ ವಸ್ತುವನ್ನು ಕಂಡರೆ ಹಲವು ದಿನ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಮೊದಲ ಮೂರ್ನಾಲ್ಕು ದಿನ ಬೋನಿನ ಬಾಗಿಲನ್ನು ತೆರೆದೇ ಕಟ್ಟಿ, ಒಳಗೆ ತಿನಿಸಿಡಿ. ತಿಂದು ಹೋಗಲಿ, ನಂಬಿಕೆ ಬರಲಿ. ಆಮೇಲೆ ಕಟ್ಟು ಬಿಚ್ಚಿ. ತಿನಿಸಿಗೆ ಸುಟ್ಟ ಕೊಬ್ಬರಿ ಚೂರು, ಹುರಿದ ಕಡಲೆಬೀಜ, ಮಸಾಲೆವಡೆಯ ತುಂಡು ಒಳ್ಳೆಯದು. ಬೋನು ಕೋಣೆಯ ನಡುವೆ ಬೇಡ, ಗೋಡೆಗೆ ಒತ್ತಿಕೊಂಡಿರಲಿ. ಇಲಿ ಗೋಡೆ ಬಿಟ್ಟು ನಡೆಯುವುದು ಕಡಿಮೆ.

ಹಿಡಿದ ಇಲಿಯನ್ನು ಎದುರಿನ ಖಾಲಿ ಸೈಟಿಗೆ ಬಿಟ್ಟರೆ ಅದು ಅಲ್ಲಿಂದ ಎದುರು ಮನೆಗೆ ಹೋಗುತ್ತದೆ, ಇಲ್ಲವೇ ನಿಮ್ಮಲ್ಲಿಗೇ ಮರಳುತ್ತದೆ. ಕೊಲ್ಲಲೇಬೇಕಾದರೆ ಕ್ಷಣದಲ್ಲಿ ಮುಗಿಸುವ ಸ್ಪ್ರಿಂಗ್ ಕತ್ತರಿ ಇದೆ. ಅಂಟಿನ ಹಲಗೆಯನ್ನು ಮಾತ್ರ ಮನೆಗೆ ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅದರ ಮೇಲೆ ಇಲಿ ದಿನವಿಡೀ ಕಿರುಚಿ ಸಾಯುತ್ತದೆ. ಹಲ್ಲಿ, ಗುಬ್ಬಚ್ಚಿ, ಅಳಿಲುಮರಿ, ಹಾವು ಕೂಡ ಅದಕ್ಕೆ ಅಂಟಿಕೊಳ್ಳುತ್ತವೆ.

ಇಲಿ ಪಾಷಾಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಟೂತ್‌ಪೇಸ್ಟಿನಂಥ ಕೊಳವೆಯಲ್ಲಿ ಮಾರುವ ಹಳದಿ ರಂಜಕದ ಪೇಸ್ಟಿಗೆ ಪ್ರತ್ಯೌಷಧವಿಲ್ಲ. ಹೊಟ್ಟೆಗೆ ಹೋದರೆ ಒಂದೆರಡು ದಿನ ಏನೂ ಆಗದಂತೆ ಕಂಡು, ಆಮೇಲೆ ಯಕೃತ್ತು ಕೆಡುತ್ತದೆ. ಮಕ್ಕಳಿರುವ ಮನೆಗೆ ಅದು ಬರಲೇಕೂಡದು. ಅಕ್ಕಿಕಾಳಿನ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಂತೂ ತೇವ ತಾಗಿದರೆ ವಿಷಾನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯರನ್ನೂ ಬಿಡುವುದಿಲ್ಲ. 2024ರ ಆಗಸ್ಟಿನಲ್ಲಿ ನಮ್ಮ ಜ್ಞಾನಭಾರತಿ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲೇ ಒಂದು ನರ್ಸಿಂಗ್ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಇಲಿ ಓಡಿಸಲು ಸಿಂಪಡಿಸಿದ ಮದ್ದಿನ ಗಾಳಿ ಕುಡಿದು 19 ವಿದ್ಯಾರ್ಥಿಗಳು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಹಾಸ್ಟೆಲು, ಪಿಜಿ ನಡೆಸುವವರಿಗೆ ನನ್ನ ಮಾತು ಇಷ್ಟೇ: ಜನ ಮಲಗುವ ಕಟ್ಟಡದೊಳಗೆ ಇಲಿಗೆಂದು ಯಾವುದನ್ನೂ ಸಿಂಪಡಿಸಬೇಡಿ. ಇಲಿಗೆ ಸಂದಿ ಮುಚ್ಚಿ, ಬೋನಿಡಿ.

ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಸ್ಕತ್ತಿನಂಥ ವಿಷಕ್ಕೆ ವಿಟಮಿನ್ ಕೆ ಎಂಬ ಮದ್ದಿದೆ ಎಂಬುದು ನಿಜ. ಆದರೆ ಅದನ್ನು ತಿಂದ ಇಲಿ ಸಾಯಲು ದಿನಗಳು ಬೇಕು. ಅಷ್ಟರಲ್ಲಿ ಆ ಇಲಿಯನ್ನು ತಿಂದ ಬೆಕ್ಕು, ಗೂಬೆಗೂ ಕುತ್ತು. ಸದ್ದು ಮಾಡಿ ಇಲಿ ಓಡಿಸುತ್ತದೆಂದು ಮಾರುವ ಪ್ಲಗ್ ಯಂತ್ರಗಳಿಗೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ, ದುಡ್ಡು ದಂಡ.

ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿ ಒರೆಸಿ. ಬ್ಲೀಚಿಂಗ್ ಪುಡಿಯ ಜತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ರಾಜಕಾಲುವೆ ಉಕ್ಕಿ ರಸ್ತೆಗೆ ನೀರು ಬಂದಾಗ ಕಾಲಲ್ಲಿ ಗಾಯವಿದ್ದವರು ಆ ನೀರಿಗಿಳಿಯಬೇಡಿ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಗಾಯದ ಮೂಲಕ ಸುಲಭವಾಗಿ ಒಳಹೋಗುತ್ತದೆ. ಅಂಥ ನೀರಲ್ಲಿ ನಡೆದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ವೈದ್ಯರಿಗೆ ನೀರಿನ ವಿಷಯ ತಪ್ಪದೆ ಹೇಳಿ.

ಐದನೇ ಹಂತ: ಜಿರಳೆ

ಎರಡು ಬಗೆ, ಎರಡು ದಾರಿ. ಹೆಬ್ಬೆರಳುದ್ದದ ಕೆಂಗಂದು ಜಿರಳೆ ಚೇಂಬರಿನಿಂದ ಬರುವುದು. ನಹಾನಿ ಟ್ರ್ಯಾಪ್ ಹಾಕಿಸಿದರೆ ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ. ಬೆರಳುಗುರಿನಷ್ಟು ಸಣ್ಣ, ಕತ್ತಿನ ಮೇಲೆ ಎರಡು ಕಪ್ಪು ಗೆರೆಯ ಜಿರಳೆ ಮೋರಿಯದ್ದಲ್ಲ. ಅದು ದಿನಸಿ ತಂದ ರಟ್ಟಿನ ಪೆಟ್ಟಿಗೆಯಲ್ಲೋ, ಸೆಕೆಂಡ್ ಹ್ಯಾಂಡ್ ಫ್ರಿಜ್ಜಿನ ಒಳಗೋ ಕೂತು ಮನೆಗೆ ಬಂದದ್ದು. ಇದರ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ. ಮರಿಯಾಗುವ ಹೊತ್ತಿನವರೆಗೂ ತಾಯಿ ಚೀಲವನ್ನು ಬಾಲದಲ್ಲೇ ಹೊತ್ತು ತಿರುಗುವುದರಿಂದ ಸ್ಪ್ರೇ ಹೊಡೆದು ಇದರ ಸಂತಾನ ಮುಗಿಸುವುದು ಕಷ್ಟ.

ಸಣ್ಣದಕ್ಕೆ ಜೆಲ್ ಮದ್ದು ಸರಿ. ಸಿರಿಂಜಿನಲ್ಲಿ ಸಿಗುತ್ತದೆ. ಗುಂಡುಸೂಜಿಯ ತಲೆಯಷ್ಟು ಚುಕ್ಕೆಯನ್ನು ಕಪಾಟಿನ ತಿರುಗಣಿ ಬಳಿ, ಡ್ರಾಯರಿನ ಹಿಂದೆ, ಫ್ರಿಜ್ಜಿನ ಕೆಳಗೆ, ಮಿಕ್ಸಿ ಇಡುವ ಮೂಲೆಯಲ್ಲಿ ಇಡಿ. ಅದೇ ಜಾಗಕ್ಕೆ ಸ್ಪ್ರೇ ಹೊಡೆಯಬೇಡಿ, ಫಿನಾಯಿಲ್ ಒರೆಸಬೇಡಿ. ಆ ವಾಸನೆಗೆ ಜಿರಳೆ ಜೆಲ್ ಮುಟ್ಟುವುದಿಲ್ಲ. ಎರಡು ಮೂರು ವಾರಕ್ಕೆ ಮತ್ತೊಮ್ಮೆ ಇಡಿ, ಅಷ್ಟರಲ್ಲಿ ಹೊಸ ಮರಿಗಳು ಹೊರಬಂದಿರುತ್ತವೆ. ರಟ್ಟಿನ ಪೆಟ್ಟಿಗೆಗಳನ್ನು ಅಟ್ಟದಲ್ಲಿ ಕೂಡಿಡುವುದನ್ನು ನಿಲ್ಲಿಸಿದರೆ ಜಿರಳೆಗೆ ಮನೆಯೇ ಇಲ್ಲದಂತಾಗುತ್ತದೆ.

ಆರನೇ ಹಂತ: ಸೊಳ್ಳೆ

ರಾತ್ರಿ ಕಿವಿಯ ಬಳಿ ಗುಂಯ್‌ಗುಡುವುದು ಹೆಚ್ಚಾಗಿ ಮೋರಿಯ ಕೊಳಚೆಯಲ್ಲಿ ಹುಟ್ಟಿದ ಸೊಳ್ಳೆ. ಹಗಲಲ್ಲಿ ಕಾಲು ಕಚ್ಚುವ, ಬಿಳಿ ಪಟ್ಟೆಯ ಸೊಳ್ಳೆ ನಮ್ಮ ಮನೆಯ ಶುದ್ಧ ನೀರಿನಲ್ಲೇ ಹುಟ್ಟಿದ್ದು, ಡೆಂಗಿ ತರುವುದು ಅದೇ. ಅದು ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ. ನಿಮ್ಮ ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂತೆಂದರೆ ಸೊಳ್ಳೆಯ ತೊಟ್ಟಿಲು ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಇರಬಹುದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡವನ್ನೂ ಗೊತ್ತುಮಾಡಿತು.

ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಗಳಲ್ಲಿ ಡ್ರಮ್ಮು, ಬಕೆಟ್ಟು ತುಂಬಿಡದೆ ವಿಧಿಯಿಲ್ಲ. ತುಂಬಿಡಿ, ಆದರೆ ಬಟ್ಟೆ ಕಟ್ಟಿ ಮುಚ್ಚಿ. ಮೊಟ್ಟೆ ಹುಳುವಾಗಿ, ಹುಳು ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಎಲ್ಲ ಪಾತ್ರೆ ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ. ಬರೀ ನೀರು ಚೆಲ್ಲಿದರೆ ಸಾಲದು. ಈ ಸೊಳ್ಳೆ ನೀರಿನ ಅಂಚಿಗೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿ ತಿಂಗಳುಗಟ್ಟಲೆ ಕಾದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ.

ಮರೆತುಹೋಗುವ ಜಾಗಗಳು ಕೆಲವಿವೆ. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಹೂಕುಂಡದ ಕೆಳಗಿನ ತಟ್ಟೆ, ವರಾಂಡದಲ್ಲಿ ಹೂ ತೇಲಿಬಿಟ್ಟ ಉರುಳಿ, ಹಕ್ಕಿಗಿಟ್ಟ ನೀರು, ತಾರಸಿಯ ಹಳೆ ಟೈರು, ಎಳನೀರು ಬುರುಡೆ. ಇವೆಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ಸಿಂಟೆಕ್ಸ್ ಟ್ಯಾಂಕಿನ ಓವರ್‌ಫ್ಲೋ ಕೊಳವೆ. ಮುಚ್ಚಳ ಬಿಗಿಯಿದ್ದರೂ ಸೊಳ್ಳೆ ಈ ಕೊಳವೆಯಿಂದ ಒಳಗೆ ಹೋಗಿ ಬರುತ್ತದೆ. ಅದರ ಬಾಯಿಗೆ ನೈಲಾನ್ ಪರದೆಯ ತುಂಡು ಸುತ್ತಿ ದಾರ ಕಟ್ಟಿ. ಸಂಪಿನ ಗಾಳಿಕೊಳವೆಗೂ ಹಾಗೆಯೇ. ಹೊಗೆ ಯಂತ್ರ ಬೀದಿಗೆ ಬಂದರೆ ಹಾರುವ ಸೊಳ್ಳೆ ಒಂದಿಷ್ಟು ಸತ್ತೀತು, ನಿಮ್ಮ ಕುಂಡದ ತಟ್ಟೆಯಲ್ಲಿನ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ.

ಏಳನೇ ಹಂತ: ಗೆದ್ದಲು, ತಿಗಣೆ

ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಮಳೆಹುಳು ರೆಕ್ಕೆ ಬಂದ ಗೆದ್ದಲೇ. ಹೊರಗಿನಿಂದ ಬಂದಿದ್ದರೆ ಒಂದು ಗಂಟೆ ದೀಪ ಆರಿಸಿ ಕೂತರೆ ಮುಗಿಯಿತು. ಮನೆಯೊಳಗಿನ ಗೋಡೆ ಅಥವಾ ಬಾಗಿಲವಾಡದಿಂದಲೇ ಎದ್ದರೆ ಗೆದ್ದಲು ಮನೆಯ ಮರದೊಳಗೆ ಸೇರಿದೆ ಎಂದರ್ಥ. ಹಳೆಯ ತೇಗದ ಚೌಕಟ್ಟನ್ನು ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ, ಗೋಡೆಯ ಮೇಲೆ ಮಣ್ಣಿನ ಸಣ್ಣ ಸುರಂಗ ಕಂಡರೆ ತಜ್ಞರನ್ನು ಕರೆಸಿ. ತಿಗಣೆಗೂ ತಜ್ಞರೇ ಬೇಕಾಗಬಹುದು. ಅದಕ್ಕೆ ಮುನ್ನ ಹಾಸಿಗೆ ಬಟ್ಟೆಯನ್ನೆಲ್ಲ ಕುದಿನೀರಿನಲ್ಲಿ ನೆನೆಸಿ. 50 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ತಿಗಣೆ, ಅದರ ಮೊಟ್ಟೆ ಎರಡೂ ಸಾಯುತ್ತವೆ. ಹಳೆ ಮಂಚ, ಸೋಫಾ ಕೊಳ್ಳುವ ಮುನ್ನ ಕೀಲುಗಳಲ್ಲಿ ಕಪ್ಪು ಚುಕ್ಕೆ ಇದೆಯೇ ನೋಡಿ.

ಬರುವ ಕಂಪನಿಗೆ ಕೃಷಿ ಇಲಾಖೆಯ ಪರವಾನಗಿ ಇರಬೇಕು. ಅದನ್ನು ಕೇಳಿ ನೋಡಿ. ಹೊಡೆಯುವ ಮದ್ದಿನ ಹೆಸರು, ಎಷ್ಟು ಹೊತ್ತು ಮನೆಯಿಂದ ಹೊರಗಿರಬೇಕು ಎಂಬುದನ್ನು ಬರೆಸಿಕೊಳ್ಳಿ. ಹೇಳಿದ ಹೊತ್ತು ಕಳೆದು, ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಿದ ಮೇಲಷ್ಟೇ ಮಕ್ಕಳನ್ನು ಒಳಗೆ ಬಿಡಿ. ಅದೇ ರಾತ್ರಿ ಅಲ್ಲಿ ಮಲಗುವ ಅವಸರ ಬೇಡ.

ಎಂಟನೇ ಹಂತ: ಕೋತಿ, ಪಾರಿವಾಳ, ಗೂಬೆ

ಕೋತಿ ಕೆಂಗೇರಿ, ರಾಜರಾಜೇಶ್ವರಿನಗರದ ಕಡೆ ಸೋಲಾರ್ ಪೈಪು ಮುರಿಯುತ್ತದೆ, ಟ್ಯಾಂಕಿನ ಮುಚ್ಚಳ ಎಳೆದು ನೀರಿಗಿಳಿಯುತ್ತದೆ. ಪಟಾಕಿ, ಕವಣೆ ಒಂದು ದಿನದ ಮಾತು. ಬಾಳೆಹಣ್ಣು ಕೊಟ್ಟು ಕೈಮುಗಿಯುವ ಮನೆ ಬೀದಿಯಲ್ಲಿ ಒಂದಿದ್ದರೆ ಸಾಕು, ಗುಂಪು ಇಡೀ ಬೀದಿಯನ್ನು ಬಿಡುವುದಿಲ್ಲ. ಭಕ್ತಿಯಿಂದ ಕೊಡುವವರಿಗೆ ನೋವಾಗದಂತೆ ಇದನ್ನು ತಿಳಿಸಿ ಹೇಳಬೇಕು. ಟ್ಯಾಂಕಿನ ಮುಚ್ಚಳಕ್ಕೆ ತಂತಿ ಬಿಗಿಯಿರಿ, ಅಡುಗೆಮನೆ ಕಿಟಕಿಗೆ ಗಟ್ಟಿ ಜಾಲರಿ ಹಾಕಿ. ಎದುರಾದಾಗ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಹಲ್ಲು ತೋರಿಸಿ ನಗಬೇಡಿ. ಅದು ಅವಕ್ಕೆ ಜಗಳದ ಕರೆ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ರೇಬಿಸ್ ಲಸಿಕೆಗೆ ಹೋಗಿ.

ಪಾರಿವಾಳಕ್ಕೆ ಬಲೆಯೊಂದೇ ಉಪಾಯ. ಸಡಿಲ ಬಲೆಗೆ ಹಕ್ಕಿ ಸಿಕ್ಕಿ ಸಾಯುತ್ತದೆ, ಬಿಗಿಯಾಗಿ ಎಳೆದು ಕಟ್ಟಿಸಿ. ಗೂಡಲ್ಲಿ ಮೊಟ್ಟೆಯಿದ್ದರೆ ಮರಿ ಹಾರುವವರೆಗೆ ಆರೇಳು ವಾರ ತಡೆದುಕೊಳ್ಳಿ. ಒಣಗಿದ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರು ಹಾಕಿ ನೆನೆಸಿ, ಮಾಸ್ಕ್ ಕಟ್ಟಿಕೊಂಡು ಕೆರೆಯಿರಿ. ಜನವರಿಯ ಆಸುಪಾಸಿನಲ್ಲಿ ತಾರಸಿಗೆ ಹೋದವರ ತಲೆಗೆ ಹದ್ದು ಎರಗುವುದುಂಟು. ಹತ್ತಿರದ ಮರದಲ್ಲಿ ಅದರ ಮರಿಗಳಿವೆ. ಕೆಲವು ವಾರ ಕೊಡೆ ಹಿಡಿದು ಹೋದರೆ ಆಯಿತು. ಹೆಜ್ಜೇನು ಕಟ್ಟಿದರೆ ಬೆಂಕಿ, ಹೊಗೆ ಹಾಕುವ ಸಾಹಸ ಬೇಡ. ಅದು ವಲಸೆಯ ಜೇನು, ಕೆಲವು ತಿಂಗಳಲ್ಲಿ ತಾನೇ ಎದ್ದು ಹೋಗುತ್ತದೆ. ತೆಗೆಸಲೇಬೇಕಾದರೆ ಪಳಗಿದವರಿಂದ ತೆಗೆಸಿ.

ಗೂಬೆಯ ಪರವಾಗಿ ಒಂದು ಮಾತು ಹೇಳಬೇಕು. ಎಸಿ ಪೆಟ್ಟಿಗೆಯ ಹಿಂದೆ, ಸಜ್ಜೆಯ ಮೇಲೆ ಬಿಳಿ ಮುಖದ ಕಣಜ ಗೂಬೆ ಮರಿ ಮಾಡಿದ್ದನ್ನು ಕಂಡೊಡನೆ ಅಪಶಕುನವೆಂದು ಓಡಿಸುತ್ತಾರೆ. ಅದರ ಮುಖ್ಯ ಆಹಾರವೇ ಇಲಿ. ಮರಿಗಳಿರುವ ಗೂಬೆ ಜೋಡಿ ರಾತ್ರಿಯೊಂದರಲ್ಲಿ ಹಿಡಿಯುವ ಇಲಿಗಳನ್ನು ನಿಮ್ಮ ಬೋನು ವಾರಕ್ಕೂ ಹಿಡಿಯಲಾರದು. ಒಂದೆರಡು ತಿಂಗಳು ಆ ಕಿಟಕಿ ತೆಗೆಯದೆ ಇದ್ದುಬಿಡಿ. ಗಾಯಗೊಂಡ ಗೂಬೆ, ಹದ್ದು, ಕೋತಿಮರಿ ಸಿಕ್ಕರೆ ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ನಮ್ಮ ಪುಣ್ಯಕ್ಕೆ ಇದೇ ದಿಕ್ಕಿನಲ್ಲಿದೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲು ಮಾಡಿ ಕರೆದೊಯ್ಯಿರಿ. ಹಾಲು, ನೀರು ಏನನ್ನೂ ಬಾಯಿಗೆ ಹುಯ್ಯಬೇಡಿ.

ಒಂಬತ್ತನೇ ಹಂತ: ಹಾವು

ನಮ್ಮ ಕಡೆ ಹೆಚ್ಚು ಕಾಣುವುದು ಕೇರೆ ಹಾವು. ವಿಷವಿಲ್ಲ, ಇಲಿಯೇ ಆಹಾರ. ಉದ್ದ ಕಂಡು ನಾಗರವೆಂದು ಹೆದರಿ ಹೊಡೆದು ಕೊಲ್ಲುವುದು ಇದನ್ನೇ. ಕೆರೆ, ಮೋರಿಯ ಬಳಿ ಚೌಕುಳಿ ಮೈಯ ನೀರುಹಾವು, ಅದಕ್ಕೂ ಅಪಾಯದ ವಿಷವಿಲ್ಲ. ಹಲ್ಲಿ ಹುಡುಕುತ್ತಾ ಗೋಡೆ ಹತ್ತಿ ಮನೆಯೊಳಗೆ ಬರುವ ತೋಳದ ಹಾವಿನ ಪಟ್ಟೆಗಳು ತಲೆಯ ಕಡೆ ಸ್ಪಷ್ಟವಾಗಿದ್ದು ಬಾಲದ ಕಡೆ ಮಾಸುತ್ತವೆ. ವಿಷದ ಕಟ್ಟು ಹಾವಿನಲ್ಲಿ ಇದಕ್ಕೆ ತಿರುವುಮುರುವು, ಬಾಲದ ಕಡೆಗೇ ಪಟ್ಟೆ ಸ್ಪಷ್ಟ. ನಾಗರಹಾವು ಹೆಡೆಯಿಂದಲೇ ಗೊತ್ತಾಗುತ್ತದೆ. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆಯಿದ್ದು, ಸುರುಳಿ ಸುತ್ತಿ, ಕುಕ್ಕರ್ ಕೂಗಿದ ಹಾಗೆ ಬುಸುಗುಟ್ಟುವುದು ಕೊಳಕುಮಂಡಲ. ಖಾಲಿ ಸೈಟಿನ ಹುಲ್ಲು, ಜಲ್ಲಿ ರಾಶಿ ಅದಕ್ಕೆ ಇಷ್ಟ. ಇಷ್ಟೆಲ್ಲ ಓದಿಯೂ ಅನುಮಾನವಿದ್ದರೆ ವಿಷದ ಹಾವೆಂದೇ ತಿಳಿದು ದೂರ ನಿಲ್ಲಿ.

ಮನೆಯೊಳಗೆ ಹಾವು ಕಂಡಾಗ ಹೀಗೆ ಮಾಡಿ. ಮಕ್ಕಳು, ನಾಯಿ, ಬೆಕ್ಕು ಮೊದಲು ಹೊರಗೆ. ದೊಡ್ಡವರೊಬ್ಬರು ಎಂಟು-ಹತ್ತು ಅಡಿ ದೂರದಲ್ಲಿ ನಿಂತು ಅದು ಎಲ್ಲಿಗೆ ಸರಿಯುತ್ತದೆಂದು ನೋಡುತ್ತಿರಬೇಕು. ಕಣ್ಣು ತಪ್ಪಿದರೆ ಹುಡುಕುವುದು ದೊಡ್ಡ ಕಷ್ಟ. ಉಳಿದ ಕೋಣೆಗಳ ಬಾಗಿಲು ಹಾಕಿ, ಅಡಿಗೆ ಟವೆಲ್ ತುರುಕಿ. ಪಾಲಿಕೆಯ 1533ಕ್ಕೋ, ಅರಣ್ಯ ಇಲಾಖೆಯ 1926ಕ್ಕೋ ಕರೆ ಮಾಡಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಬದಲು ಐದು ಪಾಲಿಕೆಗಳಾಗಿ, ರಾಜಾಜಿನಗರ, ವಿಜಯನಗರಗಳು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ, ವಿಳಾಸ ಹೇಳುವಾಗ ವಾರ್ಡಿನ ಜತೆ ಇದನ್ನೂ ಹೇಳಿ. ಕೋಲು, ಸೀಮೆಎಣ್ಣೆ, ಬಿಸಿನೀರು ಬೇಡ. ಹತ್ತಿರ ಹೋಗಿ ವಿಡಿಯೋ ತೆಗೆಯುವುದಂತೂ ಬೇಡವೇ ಬೇಡ. ಹಾವು ಕಚ್ಚಿಸಿಕೊಂಡವರಲ್ಲಿ ಅದನ್ನು ಹೊಡೆಯಲು, ಹಿಡಿಯಲು ಹೋದವರು ಕಡಿಮೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದು ಅಪರಾಧ ಕೂಡ. ಬೆಳ್ಳುಳ್ಳಿ ನೀರು, ಫಿನಾಯಿಲ್, ಗಂಧಕದ ಗೆರೆ ನಂಬಿ ಕೂರಬೇಡಿ. ಇಲಿ ಇಲ್ಲದ, ಕಲ್ಲುರಾಶಿ ಇಲ್ಲದ, ಬಾಗಿಲಡಿ ಸಂದಿಯಿಲ್ಲದ ಮನೆಯನ್ನು ಹಾವು ತಾನೇ ಬಿಟ್ಟು ಹೋಗುತ್ತದೆ. ರಾತ್ರಿ ಹೊರಗೆ ಕಾಲಿಡುವಾಗ ಟಾರ್ಚು ಹಿಡಿಯಿರಿ, ಹೊರಗೆ ಬಿಟ್ಟ ಶೂಗಳನ್ನು ಕೊಡವಿ ಹಾಕಿಕೊಳ್ಳಿ.

ಕಚ್ಚಿದರೆ 108. ಉಂಗುರ, ಬಳೆ, ವಾಚು ತೆಗೆಯಿರಿ, ಬಾವು ಬಂದಮೇಲೆ ಅವು ಬರುವುದಿಲ್ಲ. ಕಚ್ಚಿದ ಕೈಕಾಲು ಅಲುಗಾಡದಂತೆ ಅಡ್ಡಪಟ್ಟಿ ಕಟ್ಟಿ, ಆ ವ್ಯಕ್ತಿಯನ್ನು ನಡೆಸಬೇಡಿ. ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕುಯ್ಯುವುದು, ಬಾಯಿಂದ ಹೀರುವುದು, ಮಂಜುಗಡ್ಡೆ ಇಡುವುದು ಎಲ್ಲವೂ ಹಾನಿ. ಹಾವನ್ನು ಹಿಡಿದು ತರಬೇಕಾಗಿಲ್ಲ. ನಾಗರ, ಕೊಳಕುಮಂಡಲ, ಕಟ್ಟು ಹಾವು, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ. ಪ್ರತಿವಿಷವಿರುವ ಆಸ್ಪತ್ರೆ ಯಾವುದೆಂದು 108ರವರನ್ನೇ ಕೇಳಿ. ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗುವುದು ಒಳ್ಳೆಯದು, ಸಣ್ಣ ನರ್ಸಿಂಗ್ ಹೋಮುಗಳನ್ನು ಸುತ್ತಿ ಹೊತ್ತು ಕಳೆಯಬೇಡಿ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು, ಖಾಸಗಿಯವರೂ ಸೇರಿ.

ಕಟ್ಟು ಹಾವಿನ ಕಡಿತದಲ್ಲಿ ನೋವು, ಬಾವು ಇಲ್ಲದೆಯೂ ಇರಬಹುದು. ನೆಲದ ಮೇಲೆ ಮಲಗಿದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಭಾರವಾಗಿ ಜೋತುಬೀಳುತ್ತಿದ್ದರೆ, ಕಚ್ಚಿದ ಗುರುತು ಕಾಣದಿದ್ದರೂ ಆಸ್ಪತ್ರೆಗೆ ಹೊರಡಿ. ಅಲ್ಲಿ ಗಾಜಿನ ಕೊಳವೆಗೆ ರಕ್ತ ತೆಗೆದು, 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಕೊಳಕುಮಂಡಲದ ವಿಷ ತಿಳಿಯುವುದು ಹಾಗೆ. ಕಟ್ಟು ಹಾವಿನದು ರಕ್ತದಲ್ಲಿ ಹೀಗೆ ಗೊತ್ತಾಗುವುದಿಲ್ಲ, ಕಣ್ಣು, ಕತ್ತು, ಉಸಿರನ್ನು ಗಮನಿಸುತ್ತಲೇ ಇರಬೇಕು. ಪರೀಕ್ಷೆಯೆಲ್ಲ ಸರಿಯಿದೆಯೆಂದು ಅವಸರದಲ್ಲಿ ಮನೆಗೆ ಹಿಂತಿರುಗಬೇಡಿ, 24 ಗಂಟೆ ಅಲ್ಲೇ ನಿಗಾದಲ್ಲಿರಿ.